ಟವಲಿನ ಕೆಳಗೆ ಒಂದು ಬೆರಳು ಕಡಿಮೆ

ಕುರಿ ದಲ್ಲಾಳಿ ಕೆಲಸಕ್ಕೆ ಇಳಿಯಬೇಕೆಂದಿರುವವರು ಮೊದಲು ಯಾರಿಂದಲಾದರೂ ಅಂಗೈಗೆ ಕಚಗುಳಿ ಇಡಿಸಿಕೊಂಡು ನೋಡಿಕೊಳ್ಳಬೇಕು. ನಗು ಬಂದರೆ ಬೇರೆ ಕಸುಬು ಹುಡುಕಿಕೊಳ್ಳಿ. ನನಗೆ ಈ ಬುದ್ಧಿಮಾತನ್ನು ಯಾರೂ ಹೇಳಿರಲಿಲ್ಲ. ಹಾಗಾಗಿ ನನ್ನ ಮೊದಲ ವ್ಯಾಪಾರದಲ್ಲಿ ನಾನು ಸಂತೆಯ ನಡುವೆ ನಿಂತು ಕಿಸಕ್ಕನೆ ನಕ್ಕೆ. ನಲವತ್ತು ವರ್ಷ ಕಳೆದು ನನ್ನ ಕೊನೆಯ ವ್ಯಾಪಾರದಲ್ಲಿ ಇಡೀ ಸಂತೆ ನನ್ನನ್ನು ನೋಡಿ ನಕ್ಕಿತು. ಲೆಕ್ಕ ಚುಕ್ತಾ.

ಈ ಎರಡು ನಗುಗಳ ನಡುವೆ ಇಪ್ಪತ್ತಮೂರು ವರ್ಷ ನಾನು ಆ ಸಂತೆಯ ಯಜಮಾನನಾಗಿದ್ದೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಪ್ರತಿ ಮಂಗಳವಾರ ನೆರೆಯುವ ಕುರಿ ಸಂತೆ ಅದು. ಊರಿನ ಹೆಸರು ಬರೆಯುವುದಿಲ್ಲ, ಆ ಊರಿನವರಿಗೆ ನನ್ನಿಂದ ಆಗಿರುವ ಅವಮಾನ ಸಾಕು. ಯಜಮಾನನೆಂದರೆ ಏನು ಸಾಮಾನ್ಯವೇ? ಹುಣಸೆಮರದ ಬುಡದಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಪಕ್ಕದಲ್ಲಿ ಮೈಕು. ನಾನು ಹ್ಞೂಂ ಅನ್ನದೆ ಒಂದು ಮರಿಯೂ ಕೈ ಬದಲಾಗುವಂತಿರಲಿಲ್ಲ. ಆ ಕುರ್ಚಿ ನನ್ನ ಕೈತಪ್ಪಿದ್ದು ಹೇಗೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕಸುಬಿಗೆ ಹೊಸದಾಗಿ ಬರುತ್ತಿರುವ ಹುಡುಗರು ಫೋನ್ ಮಾಡಿ, "ಅಣ್ಣಾ, ಗೆಲ್ಲೋದು ಹೆಂಗೆ ಹೇಳಣ್ಣ" ಅಂತ ಕೇಳುತ್ತಾರೆ. ಗೆದ್ದವರನ್ನು ಕೇಳಿದರೆ ಸುಳ್ಳು ಹೇಳುತ್ತಾರೆ ಕಣ್ರಪ್ಪಾ. ಸೋತವನ ಹತ್ತಿರ ಬಂದಿದ್ದೀರಿ, ಒಳ್ಳೆ ಕೆಲಸ ಮಾಡಿದ್ದೀರಿ.

ಮೊದಲು ಟವಲಿನ ವಿಷಯ. ಹೊಸದಾಗಿ ಬಂದವರು ಅದನ್ನು ನೋಡಿರಲಾರರು. ನಮ್ಮ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನು ದಲ್ಲಾಳಿಯ ಕೈ ಹಿಡಿಯುತ್ತಿದ್ದ. ದಲ್ಲಾಳಿ ಹೆಗಲ ಮೇಲಿನ ಟವಲನ್ನು ಎರಡೂ ಕೈಗಳ ಮೇಲೆ ಮುಚ್ಚುತ್ತಿದ್ದ. ಒಳಗೆ ಕೊಳ್ಳುವವನು ಎಷ್ಟು ಬೆರಳು ಹಿಡಿದನೋ ಅಷ್ಟು ಸಾವಿರ, ನಾನು ಸೇರಿದ ಕಾಲಕ್ಕಾದರೆ ಅಷ್ಟು ನೂರು. ಅಂಗೈಯಲ್ಲಿ ಉಗುರಿನಿಂದ ಒಂದು ಗೀರು ಎಳೆದರೆ ಅದರ ಮೇಲೆ ಇನ್ನರ್ಧ. ನಾಲ್ಕು ಬೆರಳೆಂದರೆ ಬರೀ ನಾಲ್ಕೋ ಹದಿನಾಲ್ಕೋ ಎನ್ನುವುದು ಕುರಿ ನೋಡಿದರೇ ತಿಳಿಯುತ್ತದೆ. ಆಮೇಲೆ ದಲ್ಲಾಳಿ ಮಾರುವವನ ಹತ್ತಿರ ಹೋಗಿ, ಅದೇ ಟವಲು ಮುಚ್ಚಿ, ಅವನ ಬೆರಳುಗಳನ್ನು ತಾನು ಹಿಡಿದು ದರ ತಿಳಿಸಬೇಕು. ಸುತ್ತ ಐವತ್ತು ಜನ ಬಾಯಿ ಬಿಟ್ಟುಕೊಂಡು ನಿಂತಿದ್ದರೂ ಟವಲಿನ ಒಳಗಿನ ಮಾತು ಅವರಿಗೆ ಗೊತ್ತಾಗುವುದಿಲ್ಲ.

ನನಗೆ ಇದನ್ನು ಕಲಿಸಿದವರು ಸಿರಾದ ಬುಡನ್ ಸಾಬರು. ಆಗ ಸಂತೆಗೆ ಅವರೇ ಹಿರಿಯರು. ಕಟ್ಟುಮಸ್ತಾದ ಆಳು, ಬಾಯಲ್ಲಿ ಸದಾ ಎಲೆಯಡಿಕೆ. ಕೆಲಸ ಕೊಡಿ ಅಂತ ನಾನು ಹೋಗಿ ನಿಂತಾಗ ಅವರು ಹೇಳಿದ್ದು ನಾಲ್ಕೇ ಮಾತು: "ಜಬಾನ್ ಬಂದ್, ಉಂಗ್ಲಿ ಚಾಲೂ." ಬಾಯಿಗೆ ಬೀಗ, ಬೆರಳಿಗೆ ಕೆಲಸ ಅಂತ. ಮದುವೆಯಾಗಿ ಮೂರು ತಿಂಗಳಾಗಿದ್ದ ನನಗೆ ಮನೆಯಲ್ಲೂ ಇದೇ ನಿಯಮ ಅನ್ವಯವಾಗುತ್ತಿತ್ತು, ಹಾಗಾಗಿ ಒಪ್ಪಿಕೊಂಡೆ.

ನನ್ನ ಮೊದಲ ವ್ಯಾಪಾರ ಎರಡು ಹಲ್ಲಿನ, ಅಂದರೆ ವರ್ಷ ದಾಟಿದ, ಒಂದು ಟಗರಿನದು. ಕೊಳ್ಳುವವರು ಕೊರಟಗೆರೆ ಕಡೆಯವರು. ಟವಲು ಮುಚ್ಚಿದೆ, ಅವರು ಬೆರಳು ಹಿಡಿದರು, ಅಲ್ಲಿಗೆ ಎಲ್ಲ ಸರಿ. ಆಮೇಲೆ ಅರ್ಧಕ್ಕೆಂದು ಅಂಗೈಯಲ್ಲಿ ಗೀರು ಎಳೆದರು. ನಾನು ಕಿಸಕ್ಕನೆ ನಕ್ಕೆ. ಅವರು ಗಾಬರಿಯಾಗಿ ಇನ್ನೊಮ್ಮೆ ಎಳೆದರು. ನಾನು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟೆ. ದೂರ ನಿಂತಿದ್ದ ಕುರಿಯ ಒಡೆಯ ಇದನ್ನು ನೋಡಿ, ದಲ್ಲಾಳಿ ಇಷ್ಟು ಖುಷಿಪಡಬೇಕಾದರೆ ದರ ಆಕಾಶಕ್ಕೆ ಹೋಗಿದೆ ಅಂದುಕೊಂಡ. ನಾನು ನಿಜವಾದ ದರ ಹೇಳಿದರೆ ನಂಬಲೇ ಇಲ್ಲ. ಟಗರನ್ನು ಹೊಡೆದುಕೊಂಡು ಮನೆಗೆ ಹೋದ.

"ಲೇ ಗಿರಿ," ಅಂದರು ಬುಡನ್ ಸಾಬರು, "ನೀನು ನಕ್ಕಿದ್ದಕ್ಕೆ ಕುರಿ ತುಟ್ಟಿ ಆಗೋಯ್ತಲ್ಲೋ. ಮನೆಗೆ ಹೋಗಿ ಬೀಬಿ ಕೈಲಿ ಪ್ರಾಕ್ಟೀಸ್ ಮಾಡ್ಕೊಂಡು ಬಾ."

ಹೆಂಡತಿ ಲಕ್ಕಮ್ಮನಿಗೆ ಹೇಗೆ ಹೇಳುವುದು? ಸಂಜೆ ಜಗಲಿಯ ಮೇಲೆ ಕೂತು, ಟವಲು ಹಾಸಿ, ಕೈ ಚಾಚಿದೆ. ಬೆರಳಿನ ಲೆಕ್ಕವನ್ನೆಲ್ಲ ವಿವರಿಸಿ, ಅಂಗೈಗೆ ಗೀರು ಎಳಿ ಅಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಬ್ಯಾರೆ ಗಂಡುಸ್ರು ಹೆಂಡ್ರ ಕೈ ಹಿಡ್ಕಳಕ್ಕೆ ಹೂವು ತತ್ತಾರೆ. ನೀನು ಕುರಿ ನೆಪ ಮಾಡ್ಕಂಡ್ ಬಂದ್ಬುಟ್ಟೆ."

ಒಂದು ತಿಂಗಳು ದಿನಾ ಸಂಜೆ ಅವಳು ಕೊಳ್ಳುವವಳು, ನಾನು ದಲ್ಲಾಳಿ. ನನ್ನ ಕಚಗುಳಿ ಹೋಯಿತು. ಅವಳಿಗೆ ಬೆರಳಿನ ಭಾಷೆ ಪೂರ್ತಿ ಬಂತು. ಈ ಎರಡನೆಯ ಸಂಗತಿಯನ್ನು ನಾನು ಮರೆತುಬಿಟ್ಟೆ. ಬರೆದಿಟ್ಟುಕೊಳ್ಳಿ: ಯಾರಿಗೆ ಏನು ಕಲಿಸಿದ್ದೀರಿ ಅನ್ನುವುದನ್ನು ದಲ್ಲಾಳಿಯಾದವನು ಮರೆಯಬಾರದು.

ಅಭ್ಯಾಸ ಅತಿಯಾದರೂ ಕಷ್ಟ. ಒಮ್ಮೆ ಸಂತೆಯ ಹೊತ್ತಿನಲ್ಲಿ ಪಾವಗಡದ ಬಸ್ಸಿನ ಕಂಡಕ್ಟರು ಟೀ ಕುಡಿಯಲು ಇಳಿದವರು ನನ್ನನ್ನು ಕಂಡು, "ಏನ್ ಗಿರಿಯಣ್ಣಾ ಚೆನ್ನಾಗಿದೀರಾ" ಅಂತ ಕೈ ಚಾಚಿದರು. ನನ್ನ ಕೈ ತಾನಾಗಿ ಟವಲು ಮುಚ್ಚಿತು. ಎದುರಿಗೆ ಕಟ್ಟಿದ್ದ ಎರಡು ಮೇಕೆಗಳಿಗೆ ನಾನು ಅವರ ಬೆರಳು ಹಿಡಿದು ದರ ಹೇಳಿದೆ. ಅವರು ಪ್ರೀತಿಯಿಂದ ನನ್ನ ಬೆರಳು ಅದುಮಿದರು. ನಾನು ದರ ಇಳಿಸಿದೆ, ಅವರು ಮತ್ತೆ ಅದುಮಿದರು. "ಆಯ್ತು, ಹೊಡ್ಕಳಿ" ಅಂದೆ. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ಇಲ್ಲವೆನ್ನಲು ಆ ಮನುಷ್ಯನಿಗೆ ನಾಚಿಕೆ. ಟಿಕೆಟ್ಟಿನ ಚೀಲ ಹೆಗಲಿಗೆ ಹಾಕಿಕೊಂಡು ಎರಡು ಮೇಕೆಯೊಂದಿಗೆ ಬಸ್ಸು ಹತ್ತಿದರು. ಆಮೇಲೆ ಅವರು ನನ್ನನ್ನು ಕಂಡರೆ ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ಮಾತಾಡಿಸುತ್ತಿದ್ದರು.

ಈಗ ನಾಚಿಕೆ ಬಿಟ್ಟು ಒಂದು ಮಾತು ಹೇಳಬೇಕು. ದಲ್ಲಾಳಿಗೆ ಎರಡೂ ಕಡೆಯಿಂದ ಇಷ್ಟು ಅಂತ ಕೂಲಿಯಿತ್ತು. ಅದು ಎಲ್ಲರಿಗೂ ಗೊತ್ತಿದ್ದದ್ದು. ಗೊತ್ತಿಲ್ಲದ್ದು ಇನ್ನೊಂದಿತ್ತು. ಕೊಳ್ಳುವವನು ನನ್ನ ನಾಲ್ಕು ಬೆರಳು ಹಿಡಿಯುತ್ತಿದ್ದ, ನಾನು ಹೋಗಿ ಮಾರುವವನ ಮೂರು ಬೆರಳು ಹಿಡಿಯುತ್ತಿದ್ದೆ. ನಡುವಿನ ಒಂದು ಬೆರಳು ನನ್ನದು. ಅದನ್ನು ನಾವು ದಲ್ಲಾಳಿಗಳು ನಮ್ಮಲ್ಲೇ "ಸಂದಿ" ಅನ್ನುತ್ತಿದ್ದೆವು. ಬುಡನ್ ಸಾಬರೂ ಸಂದಿ ಹಿಡಿಯುತ್ತಿದ್ದರು, ಆದರೆ ಅವರದು ಒಂದು ಗೀರಿನಷ್ಟು. "ಬೆರಳಿನ ಸಂದೀಲಿ ಅನ್ನ ಐತೆ ಗಿರಿ. ಸಂದಿ ಅಗಲ ಮಾಡ್ಬ್ಯಾಡ, ಅನ್ನ ಉದುರಿ ಹೋಗ್ತದೆ" ಅನ್ನುತ್ತಿದ್ದರು. ಕಣ್ಣಿಗೆ ಪೊರೆ ಬಂದು ಅವರು ಸಂತೆ ಬಿಟ್ಟರು. ನಾನು ಸಂದಿಯನ್ನು ಅಗಲ ಮಾಡಿದೆ.

ಅವರು ಬಿಟ್ಟ ದಿನ ದಲ್ಲಾಳಿಗಳೆಲ್ಲ ಹುಣಸೆಮರದ ಕೆಳಗೆ ಸೇರಿ, "ಮುಂದಿನ ಮೀಟಿಂಗ್ ಗಂಟ ಗಿರಿಯಣ್ಣ ನೋಡ್ಕಳ್ಲಿ" ಅಂದರು. ನಾನು ಆ ಮುಂದಿನ ಮೀಟಿಂಗನ್ನು ಕರೆಯಲೇ ಇಲ್ಲ. ನನ್ನ ಆಳ್ವಿಕೆಯ ಗುಟ್ಟು ಇಷ್ಟೇ. ಚುನಾವಣೆ ಗೆಲ್ಲುವುದು ಕಷ್ಟ, ಮುಂದೂಡುವುದು ಸುಲಭ. ಒಂದು ವರ್ಷ ಮಳೆ ಅಂದೆ, ಒಂದು ವರ್ಷ ಮಳೆಯಿಲ್ಲ ಅಂದೆ. ನನ್ನ ಹುಟ್ಟುಹಬ್ಬಕ್ಕೆ "ಅಭಿಮಾನಿ ಬಳಗ" ಅಂತ ಒಂದು ಗುಂಪು ಫ್ಲೆಕ್ಸ್ ಕಟ್ಟುತ್ತಿತ್ತು. ಬಳಗದ ಅಧ್ಯಕ್ಷ, ಕಾರ್ಯದರ್ಶಿ, ಕಟ್ಟುವ ಹಗ್ಗ ತರುವವನು, ಎಲ್ಲ ನಾನೇ. ಒಂದು ಸಲ ಅದರಲ್ಲಿ ನನ್ನ ಫೋಟೋ ಪಕ್ಕ ಹುಲಿ ಹಾಕಿಸಿದೆ. ಕುರಿ ಸಂತೆಯಲ್ಲಿ ಹುಲಿ! ಆಗಲೇ ಜನಕ್ಕೆ ಅನುಮಾನ ಬರಬೇಕಿತ್ತು.

ಇನ್ನೊಂದು ಜಂಬವೂ ಇತ್ತು. "ಎರಡೂ ಕೈಯಲ್ಲಿ ಒಂದೇ ಸಲಕ್ಕೆ ಎರಡು ವ್ಯಾಪಾರ ಮಾಡೋ ದಲ್ಲಾಳಿ ಈ ನಾಕು ತಾಲ್ಲೂಕಲ್ಲಿ ನಾನೊಬ್ನೇ ಕಣ್ಲಾ" ಅಂತ ಮೈಕಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಾಲ ಬದಲಾದದ್ದು ವಳ್ಳೂರಿನ ಕಡೆಯಿಂದ. ಅಲ್ಲಿ ಸೋಲಾರ್ ಪಾರ್ಕ್ ಬಂತು. ಕಣ್ಣು ಹಾಯುವಷ್ಟು ದೂರ ಹೊಲದ ತುಂಬ ಗಾಜಿನ ಹಲಗೆ. ಗಂಡಸರು ಕಾವಲಿಗೆ, ಹಲಗೆ ತೊಳೆಯಲಿಕ್ಕೆ, ಹುಲ್ಲು ಕೀಳಲಿಕ್ಕೆ ಅಂತ ಸೇರಿಕೊಂಡರು. ಮಂಗಳವಾರ ರಜೆ ಕೇಳಿದರೆ ಕೊಡುವುದಿಲ್ಲ. ಹಾಗಾಗಿ ಕುರಿ ಹೊಡೆದುಕೊಂಡು ಹೆಂಗಸರು ಸಂತೆಗೆ ಬರಲು ಶುರುಮಾಡಿದರು. ಮೊದಲು ಇಬ್ಬರು ಮೂವರು, ಆಮೇಲೆ ಆಟೋ ತುಂಬ, ಆಮೇಲೆ ಕುರಿಯೂ ಅವರೂ ಒಂದೇ ಟೆಂಪೋದಲ್ಲಿ.

ಇಲ್ಲೊಂದು ತೊಡಕು ಬಂತು. ಟವಲಿನ ಕೆಳಗೆ ಪರಹೆಂಗಸಿನ ಕೈ ಹಿಡಿಯುವುದು ಹೇಗೆ? ಹಿಡಿಯುವ ಹಾಗಿಲ್ಲ. ಹಾಗಾಗಿ ನಾನೊಂದು ನಿಯಮ ಮಾಡಿದೆ: ಹೆಂಗಸರು ಕುರಿ ಕಟ್ಟಿ ಪಕ್ಕಕ್ಕೆ ನಿಲ್ಲಬೇಕು, ಅವರ ಪರವಾಗಿ ಒಬ್ಬ ದಲ್ಲಾಳಿಯೇ ಕೈ ಕೊಡುತ್ತಾನೆ. ಅಂದರೆ ಈ ಕಡೆಯೂ ನಮ್ಮ ಕೈ, ಆ ಕಡೆಯೂ ನಮ್ಮ ಕೈ. ಸಂದಿ ಎಷ್ಟಗಲ ಬೇಕೋ ಅಷ್ಟಗಲ. ಇದನ್ನು ನಾನು "ಮರ್ಯಾದೆಯ ಏರ್ಪಾಡು" ಅಂತ ಮೈಕಿನಲ್ಲಿ ಕರೆದೆ. ಮರ್ಯಾದೆ ಅನ್ನುವ ಮಾತು ಬಂದಾಗ ಯಾರದೋ ಜೇಬಿಗೆ ಕೈ ಹೋಗುತ್ತಿದೆ ಅಂತ ತಿಳಿಯಿರಿ. ಇದು ನನ್ನ ಅನುಭವ.

ಆ ದಿನಗಳಲ್ಲೇ ಸಂತೆಯ ಹೋಟೆಲಿನ ಟಿವಿಯಲ್ಲಿ ಯಾವುದೋ ದೂರ ದೇಶದ ಸುದ್ದಿ ಬರುತ್ತಿತ್ತು. ಅಲ್ಲಿನ ಅಧ್ಯಕ್ಷ ಇಪ್ಪತ್ತು ಚಿಲ್ಲರೆ ವರ್ಷದಿಂದ ಕುರ್ಚಿ ಬಿಟ್ಟಿಲ್ಲವಂತೆ. ಜನ ದಂಗೆ ಎದ್ದು ಅರಮನೆಯಂಥ ಅವನ ಬಂಗಲೆಯ ಮುಂದೆ ಸೇರಿದ್ದರು. ಗಾಜಿನ ಹಿಂದೆ ಅವನ ಮುಖ ಒಂದು ಗಳಿಗೆ ಕಂಡು ಮಾಯವಾಗುತ್ತಿತ್ತು. ನಾನು ಟೀ ಲೋಟ ಹಿಡಿದು ಆ ಮನುಷ್ಯನಿಗೆ ಜೋರಾಗಿ ಬುದ್ಧಿ ಹೇಳುತ್ತಿದ್ದೆ.

"ಇವ್ನಿಗೆ ವ್ಯಾಪಾರ ಗೊತ್ತಿಲ್ಲ ಕಣ್ರಲಾ. ಜನ ನಾಕು ಕೇಳಿದಾಗ ಎಲ್ಡು ಕೊಟ್ಟು ಕಳಿಸ್ಬೇಕು. ಏನೂ ಕೊಡಾಕಿಲ್ಲ ಅಂದ್ರೆ ನಾಳೆ ಎಂಟು ಕೇಳ್ತಾರೆ. ಅಷ್ಟು ವರ್ಷ ಕೂತವ್ನೆ, ಜನ ಯಾಕ್ ಬಂದವ್ರೆ ಅನ್ನೋದೂ ಗೊತ್ತಿಲ್ಲ ಇವ್ನಿಗೆ!"

ಹೊರಗೆ ಕುರಿ ಹಗ್ಗ ಹಿಡಿದು ನಿಂತಿದ್ದ ಒಬ್ಬ ಹೆಂಗಸು ಬಾಗಿಲಿನಿಂದ ಇಣುಕಿ ಕೇಳಿದಳು, "ಯಜಮಾನ್ರೇ, ನೀವು ಕೂತು ಎಷ್ಟು ವರ್ಷ ಆಯ್ತು?"

ಹೋಟೆಲಿನಲ್ಲಿ ಯಾರೋ ಕೆಮ್ಮಿದರು. ನಾನು ನಕ್ಕೆ. ಆ ಹೆಂಗಸೇ ಓಬಳಮ್ಮ. ವಳ್ಳೂರಿನ ಕಡೆಯವಳು, ಗಂಡ ಸೋಲಾರಿನಲ್ಲಿ ಕಾವಲು. ಮಾತಿಗೆ ನಿಂತರೆ ಅರ್ಧ ಕನ್ನಡ, ಅರ್ಧ ತೆಲುಗು. ಅವಳು ಅವತ್ತು ತಂದಿದ್ದು ನಾಲ್ಕು ಹಲ್ಲಿನ ಟಗರು. ನನ್ನ ಸರ್ವೀಸಿನಲ್ಲಿ ಅಂಥ ಬೆನ್ನು ಹೆಚ್ಚು ನೋಡಿಲ್ಲ. ಬೆನ್ನಿನ ಮೇಲೆ ಅಂಗೈ ಇಟ್ಟರೆ ಮೂಳೆ ಸಿಗಬಾರದು, ಅದು ಒಳ್ಳೆ ಕುರಿಯ ಗುರುತು. ಮಗಳ ನರ್ಸಿಂಗ್ ಓದಿಗೆ ಅಂತ ಸಾಕಿದ ಟಗರು ಅದು. ಹುರುಳಿ ಬೇಯಿಸಿ ಹಾಕಿದ್ದಳಂತೆ.

ಕೊಳ್ಳಲು ಬಂದವರು ಕೊರಟಗೆರೆಯ ಶಿವಣ್ಣ. ನನ್ನ ಬಲಗೈ ಬಂಟ ಚಿಕ್ಕಣ್ಣ ಓಬಳಮ್ಮನ ಪರವಾಗಿ ಕೈ ಕೊಟ್ಟು ನಿಂತ. ಶಿವಣ್ಣ ನನ್ನ ಬೆರಳು ಹಿಡಿದರು, ನಾನು ಚಿಕ್ಕಣ್ಣನ ಬೆರಳು ಹಿಡಿದೆ. ಓಬಳಮ್ಮ ದೂರದಿಂದ, "ಎಷ್ಟಂದ್ರು?" ಅಂದಳು.

"ಆಮೇಲೆ ಹೇಳ್ತೀನಿ ಇರಮ್ಮ."

"ಅದೇಮಯ್ಯಾ ಆಮೇಲೆ? ಕುರಿ ನಂದು. ಕೈ ನಂದು ಇಲ್ವಾ?" ಅನ್ನುತ್ತಾ ಬಂದವಳೇ ಬಳೆ ಹಿಂದಕ್ಕೆ ಸರಿಸಿ ಶಿವಣ್ಣನ ಮುಂದೆ ಕೈ ಚಾಚಿದಳು. ಶಿವಣ್ಣ ಕಾದ ಹೆಂಚು ಕಂಡವರಂತೆ ಎರಡು ಹೆಜ್ಜೆ ಹಿಂದೆ ಹೋದರು.  ಸುತ್ತಲಿದ್ದವರು ಕುರಿ ಬಿಟ್ಟು ನಮ್ಮ ಕಡೆ ತಿರುಗಿದರು.

"ಹೆಂಗಸ್ರು ಟವಲ್ ಒಳಕ್ಕೆ ಕೈ ಇಕ್ಕಂಗಿಲ್ಲ ಕಣಮ್ಮ" ಅಂದೆ.

"ಅಂಗಾದ್ರೆ ಟವಲ್ ತೆಗಿ. ಬಾಯಲ್ಲಿ ಹೇಳು."

ಇಷ್ಟೇ ಅವಳು ಕೇಳಿದ್ದು. ಟಿವಿಯ ಅಧ್ಯಕ್ಷನಿಗೆ ನಾನು ಕೊಟ್ಟ ಬುದ್ಧಿಯ ಪ್ರಕಾರ ಅಲ್ಲೇ ಎರಡು ಬೆರಳಷ್ಟು ಸೋಲಬೇಕಿತ್ತು. ಬದಲಿಗೆ ನಾನು ಕುರ್ಚಿಗೆ ಹೋಗಿ ಮೈಕು ಹಿಡಿದೆ. "ವಳ್ಳೂರು ಕಡೆ ಓಬಳಮ್ಮನ್ನ ಇವತ್ನಿಂದ ಸಂತೆಯಿಂದ ಹೊರಗೆ ಇಟ್ಟಿದೆ. ಯಾರೂ ಅವಳ ಕುರಿ ಕೊಳ್ಳಂಗಿಲ್ಲ" ಅಂತ ಕೂಗಿದೆ. ನನ್ನ ಧ್ವನಿ ಹುಣಸೆಮರದ ಸ್ಪೀಕರಿನಲ್ಲಿ ಬಹಳ ಗಂಭೀರವಾಗಿ ಕೇಳಿಸಿತು. ಓಬಳಮ್ಮ ಟಗರಿನ ಹಗ್ಗ ಬಿಚ್ಚಿಕೊಂಡು ಹೋಗುತ್ತಾ ಒಂದೇ ಮಾತು ಹೇಳಿದಳು: "ಸರೇ. ವಚ್ಚೇ ವಾರಂ ನೋಡಾನ." ಬರುವ ವಾರ ನೋಡೋಣ ಅಂತ.

ಬರುವ ವಾರ ನಾನು ಹತ್ತು ಗಂಟೆಗೆ ಸಂತೆಗೆ ಹೋದರೆ ಟೆಂಪೋಗಳ ಮೇಲೆ ಟೆಂಪೋ. ವಳ್ಳೂರಿನಿಂದ, ನಿಡುಗಲ್ಲಿನಿಂದ, ಈ ಕಡೆ ಸಿರಾ ಗಡಿಯ ಹಳ್ಳಿಗಳಿಂದ ಹೆಂಗಸರು ಕುರಿ ಹಿಡಿದು ಬಂದಿದ್ದರು. ನಲವತ್ತಕ್ಕಂತೂ ಕಡಿಮೆಯಿಲ್ಲ. ಎಲ್ಲರ ಹೆಗಲ ಮೇಲೂ ಒಂದೊಂದು ಟವಲು. ಬಿಳಿ, ಕೆಂಪು, ಚೌಕಳಿ, ಮೈ ಒರೆಸಿ ತೂತು ಬಿದ್ದದ್ದು. ಅವರು ಕೂಗಲಿಲ್ಲ, ಕಲ್ಲು ತೂರಲಿಲ್ಲ. ನನ್ನ ಕುರ್ಚಿಯ ಮುಂದೆ ಸಾಲಾಗಿ ನಿಂತು ಕೈ ಚಾಚಿದರು.

"ಕೈ ಕೊಡಿ ಯಜಮಾನ್ರೇ."

ನಲವತ್ತು ಕೈ. ಬಳೆಗಳ ಸದ್ದು ಬೇರೆ. ಕಲ್ಲು ತೂರಿದ್ದರೆ ಪೊಲೀಸರಿಗಾದರೂ ಫೋನ್ ಮಾಡಬಹುದಿತ್ತು. ಕೈ ಚಾಚಿದ್ದಾರೆ ಅಂತ ಯಾವ ಕಲಂ ಪ್ರಕಾರ ದೂರು ಕೊಡುವುದು?

ನಾನು ಚೌಕಾಸಿಗೆ ಇಳಿದೆ. ಓಬಳಮ್ಮನ ಬಹಿಷ್ಕಾರ ವಾಪಸ್ಸು ಅಂದೆ. ಕೈ ಇಳಿಯಲಿಲ್ಲ. ಹೆಂಗಸರಿಗೆ ದಲ್ಲಾಳಿ ಕೂಲಿ ಅರ್ಧ ಅಂದೆ. ಇಳಿಯಲಿಲ್ಲ. ಸಂತೆಯಲ್ಲಿ ಹೆಂಗಸರಿಗೇ ಬೇರೆ ನೆರಳು, ಬೇರೆ ನೀರಿನ ಕೊಳಾಯಿ ಅಂದೆ. "ವಾರದ ಹಿಂದೆ ಅಂದಿದ್ರೆ ಕುಡೀತಿದ್ವಿ" ಅಂದಳು ಸಾಲಿನಲ್ಲಿದ್ದ ಒಬ್ಬ ಮುದುಕಿ. ಕೊಳ್ಳುವವರೆಲ್ಲ ಆಟ ನೋಡುತ್ತ ನಿಂತಿದ್ದರು. ಚಿಕ್ಕಣ್ಣನ ಕಡೆ ನೋಡಿದೆ. ಅವನು ಮೈಕಿನ ವೈರು ಸುತ್ತುವುದರಲ್ಲಿ ಬಹಳ ಮಗ್ನನಾಗಿದ್ದ.

ಕೊನೆಗೆ ಓಬಳಮ್ಮ ಆ ಟಗರನ್ನೇ ಮುಂದಕ್ಕೆ ತಂದಳು. ಶಿವಣ್ಣನನ್ನೂ ಕರೆದಳು.

"ಎಲ್ಡು ಕೈಲೂ ಒಂದೇ ಸಲಕ್ಕೆ ವ್ಯಾಪಾರ ಮಾಡ್ತೀನಿ ಅಂತೀಯಲ್ಲ ಯಜಮಾನ. ಮಾಡು. ಬಲಗೈ ಶಿವಣ್ಣಂಗೆ, ಎಡಗೈ ನಂಗೆ. ಮಾಡ್ಬುಟ್ರೆ ಮಾತಾಡ್ದಂಗೆ ಮನೀಗ್ ಹೋಗ್ತೀವಿ."

ನನ್ನ ಜಂಬವನ್ನು ಕೆಣಕಿದ್ದಳು. ಹೆಂಗಸಿನ ಕೈ ಹಿಡಿದರೆ ಅವಳೇ ನಾಚಿ ಓಡುತ್ತಾಳೆ ಅನ್ನುವ ಲೆಕ್ಕವೂ ಒಳಗಿತ್ತು. ಎದ್ದು ನಿಂತು ಎರಡೂ ಕೈ ಚಾಚಿದೆ. ಬಲಗೈ ಮೇಲೆ ನನ್ನ ಟವಲು. ಎಡಗೈ ಮೇಲೆ ಓಬಳಮ್ಮ ತನ್ನ ಹೆಗಲಿನದನ್ನು ಮುಚ್ಚಿದಳು. ಆಗ ಅದರ ಅಂಚಿನಲ್ಲಿ ನೀಲಿ ದಾರದ ಸಣ್ಣ ಗಂಟು ಕಂಡಿತು. ಅಗಸರಿಗೆ ಹಾಕಿದ ಬಟ್ಟೆ ಬೆರೆತುಹೋಗದಿರಲಿ ಅಂತ ನಮ್ಮ ಮನೆಯ ಟವಲುಗಳಿಗೆ ಲಕ್ಕಮ್ಮ ಹಾಕುವ ಗಂಟು. ಅದು ನನ್ನದೇ ಟವಲು.

ಇನ್ನೊಬ್ಬನಾಗಿದ್ದರೆ ಅಲ್ಲೇ ಕೈ ಎಳೆದುಕೊಳ್ಳುತ್ತಿದ್ದ. ನಾನು ಆ ಗಂಟಿನ ಯೋಚನೆಯಲ್ಲೇ ಇದ್ದೆ. ಅಷ್ಟರಲ್ಲಿ ಬಲಗಡೆ ಶಿವಣ್ಣ ನನ್ನ ನಾಲ್ಕು ಬೆರಳು ಹಿಡಿದರು. ತಲೆ ಎಲ್ಲೋ ಇದ್ದಾಗ ಕೈ ತನ್ನ ಅಭ್ಯಾಸ ನೋಡಿಕೊಳ್ಳುತ್ತದೆ. ನನ್ನ ಎಡಗೈ ಓಬಳಮ್ಮನ ಬೆರಳುಗಳನ್ನು ಹಿಡಿಯಿತು.

ಓಬಳಮ್ಮ ತನ್ನ ಇನ್ನೊಂದು ಕೈಯಿಂದ ನನ್ನ ಬಲಗೈ ಮೇಲಿನ ಟವಲನ್ನೂ ಎಡಗೈ ಮೇಲಿನದನ್ನೂ ಒಟ್ಟಿಗೆ ಕಿತ್ತಳು.

ಬಿಸಿಲು ಚೆನ್ನಾಗಿತ್ತು. ಎಲ್ಲರಿಗೂ ಕಂಡಿತು. ಬಲಗಡೆ ಶಿವಣ್ಣನ ಮುಷ್ಟಿಯಲ್ಲಿ ನನ್ನ ನಾಲ್ಕು ಬೆರಳು. ಎಡಗಡೆ ನನ್ನ ಮುಷ್ಟಿಯಲ್ಲಿ ಅವಳ ಮೂರು.

"ಚೂಡಂಡಯ್ಯಾ," ಅಂದಳು ಓಬಳಮ್ಮ, ಎಲ್ಲರೂ ನೋಡಲಿ ಅಂತ ಕೈ ಎತ್ತಿ ಹಿಡಿದು. "ಈ ಕಡೆ ನಾಕು. ಈ ಕಡೆ ಮೂರು. ನಡುವೆ ಒಂದು ಬೆರಳು ಎಲ್ಲೋಯ್ತು?"

ಮೊದಲು ನಕ್ಕದ್ದು ಶಿವಣ್ಣ. ಆಮೇಲೆ ಆ ಮುದುಕಿ. ಆಮೇಲೆ ಗಂಡಸರು, ನನ್ನ ಕೈಗೆ ವರ್ಷಗಟ್ಟಲೆ ಬೆರಳು ಕೊಟ್ಟಿದ್ದ ಗಂಡಸರು. ಅವರ ನಗು ನಡುವೆ ತಟ್ಟನೆ ನಿಂತಿತು. ತಮ್ಮ ತಮ್ಮ ಕೈಗಳನ್ನು ನೋಡಿಕೊಳ್ಳತೊಡಗಿದರು. ಆ ಗಳಿಗೆಯಲ್ಲಿ ನನಗೆ ನಿಜವಾಗಿ ಭಯವಾಯಿತು. ಹೆಂಗಸರ ಮುಂದೆ ಇಲ್ಲದಿದ್ದ ಭಯ.

ಮುಂದಿನದು ಸಂಕ್ಷೇಪವಾಗಿ ಹೇಳುತ್ತೇನೆ, ಬರೆಯಲು ಕೈ ಬರುವುದಿಲ್ಲ. ನಾನು ನನ್ನ ಹಳೆಯ ಮೊಪೆಡ್ ಹತ್ತಿರ ಹೋದೆ. ಅದು ಸ್ಟಾರ್ಟ್ ಆಗಲಿಲ್ಲ. ಟಿವಿಯ ಅಧ್ಯಕ್ಷ ಆ ವಾರವೇ ವಿಮಾನ ಹತ್ತಿ ಓಡಿಹೋದನಂತೆ. ಅವನದು ಒಂದೇ ಸಲಕ್ಕೆ ಸ್ಟಾರ್ಟ್ ಆಗಿರಬೇಕು. ನಾನು ಹತ್ತು ಸಲ ತುಳಿದೆ. ಕೊನೆಗೆ ಮೂರು ಜನ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬಂದು, "ಕೂತ್ಕ ಯಜಮಾನ, ತಳ್ತೀವಿ" ಅಂತ ರಸ್ತೆಯವರೆಗೂ ತಳ್ಳಿ ಚಾಲೂ ಮಾಡಿಕೊಟ್ಟರು. ದಂಗೆ ಎದ್ದವರೇ ಗಾಡಿ ತಳ್ಳಿ ಕಳಿಸಿದ ಯಜಮಾನ ಬೇರೆ ಎಲ್ಲಾದರೂ ಇದ್ದರೆ ತಿಳಿಸಿ, ಪರಿಚಯ ಮಾಡಿಕೊಳ್ಳುತ್ತೇನೆ.

ಮನೆಯಲ್ಲಿ ಲಕ್ಕಮ್ಮ ಮಧ್ಯಾಹ್ನದ ಮುದ್ದೆ ತೊಳಸುತ್ತಿದ್ದಳು.

"ನಮ್ ಟವಲ್ ಅವಳ ಹೆಗಲ ಮೇಲೆ ಹೆಂಗ್ ಬಂತು?" ಅಂದೆ.

"ನಾನೇ ಕೊಟ್ಟೆ." ಕೋಲು ನಿಲ್ಲಲಿಲ್ಲ. "ಸನಿವಾರ ಬಂದಿದ್ಲು. ಬೆರಳಿನ ಲೆಕ್ಕ ಹೇಳ್ಕೊಡು ಅಕ್ಕಾ ಅಂದ್ಲು. ಹೇಳ್ಕೊಟ್ಟೆ."

"ಗಂಡನ ಮಾನ ಹೋಗ್ತದೆ ಅಂತ ಗೊತ್ತಿರ್ಲಿಲ್ವಾ ನಿಂಗೆ?"

ಅವಳು ಮುದ್ದೆ ಕೋಲನ್ನು ಪಕ್ಕಕ್ಕಿಟ್ಟಳು. "ನಮ್ಮಪ್ಪ ಸಾಯೋ ವರ್ಷ ಮೂರು ಕುರಿ ತಂದಿದ್ದ ನಿನ್ ಸಂತೆಗೆ. ನೆನಪೈತಾ? ಅಳಿಯ ಅವ್ನೆ, ಮೋಸ ಆಗಾಕಿಲ್ಲ ಅಂತ ಊರೆಲ್ಲ ಹೇಳ್ಕಂಡ್ ಬಂದಿದ್ದ. ಸಂಜೆ ಇಲ್ಲೇ ಕೂತು, ಅಳಿಯ ಇಂತಿಷ್ಟು ಬೆರಳು ಹಿಡ್ದ ಅಂತ ನಂಗೆ ಕೈ ತೋರ್ಸಿದ. ಕೊಂಡೋನ ಹೆಂಡ್ತಿ ಬಾವಿ ಹತ್ರ ನಂಗೆ ಒಂದ್ ಬೆರಳು ಜಾಸ್ತಿ ಲೆಕ್ಕ ಹೇಳಿದ್ಲು. ನಾನು ಅಪ್ಪಂಗೆ ಹೇಳ್ಲಿಲ್ಲ. ನಿಂಗೂ ಹೇಳ್ಲಿಲ್ಲ."

ನನಗೆ ಆ ಮೂರು ಕುರಿ ನೆನಪಿದ್ದವು. ಮಾವನ ಕೈ ಕೂಡ ನೆನಪಿತ್ತು, ನೇಗಿಲು ಹಿಡಿದು ಒರಟಾದ ಕೈ. ಟವಲಿನ ಕೆಳಗೆ ಎಲ್ಲ ಕೈಗಳೂ ಒಂದೇ ಅಂತ ಕಸುಬಿನಲ್ಲಿ ಹೇಳುತ್ತಾರೆ. ಅದು ಸುಳ್ಳು. ಮಾವನ ಕೈ ಅಂತ ಗೊತ್ತಿದ್ದೇ ಒಂದು ಬೆರಳು ಕಡಿಮೆ ಹಿಡಿದದ್ದು.  ಈ ಬರಹದ ತುಂಬ ನನ್ನನ್ನು ನಾನು ಗೇಲಿ ಮಾಡಿಕೊಳ್ಳುತ್ತಾ ಬಂದೆ. ಇದೊಂದನ್ನು ಗೇಲಿ ಮಾಡಲು ಆಗುವುದಿಲ್ಲ.

ಈಗ ಆ ಸಂತೆಯಲ್ಲಿ ಟವಲಿಲ್ಲ. ದರವನ್ನು ಕೂಗಿ ಹೇಳುತ್ತಾರೆ. ಜೀವಂತ ಕುರಿಯನ್ನೇ ನಿಲ್ಲಿಸಿ ತೂಗುವ ಯಂತ್ರ ಬಂದಿದೆ. ಯಜಮಾನನೂ ಇಲ್ಲ. ಒಂದು ವಾರ ಒಬ್ಬರು, ಮುಂದಿನ ವಾರ ಇನ್ನೊಬ್ಬರು ಮೈಕು ಹಿಡಿಯುತ್ತಾರೆ. ಎಲ್ಲರೂ ಒಟ್ಟಿಗೆ ಕೂಗುವುದರಿಂದ ಗಲಾಟೆಯೋ ಗಲಾಟೆ. ನನ್ನ ಕಾಲದಲ್ಲಿ ಎಷ್ಟು ನಿಶ್ಶಬ್ದವಿತ್ತು ಅಂತ ಆಗಾಗ ಅನ್ನಿಸುತ್ತದೆ. ಯಾಕೆ ನಿಶ್ಶಬ್ದವಿತ್ತು ಅನ್ನುವುದೂ ಕೂಡಲೇ ನೆನಪಾಗುತ್ತದೆ. ಓಬಳಮ್ಮನ ಟಗರನ್ನು ಶಿವಣ್ಣ ಅವತ್ತೇ ಕೂಗಿ ಕೊಂಡರಂತೆ. ಮಗಳು ತುಮಕೂರಿನಲ್ಲಿ ಓದುತ್ತಿದ್ದಾಳೆ. ನನ್ನ ಕೆಂಪು ಕುರ್ಚಿಯ ಒಂದು ಕಾಲು ಮುರಿದಿದೆ, ಪೊಗರಿನ ಟಗರುಗಳನ್ನು ಅದಕ್ಕೆ ಕಟ್ಟುತ್ತಾರೆ.

ಹೊಸಬರಿಗೆ ಬುದ್ಧಿಮಾತು: ಕುರಿಯ ಬೆನ್ನು ಮುಟ್ಟಿ ನೋಡಿ, ಹಲ್ಲು ಎಣಿಸಿ, ಗೊಬ್ಬಳಿ ಜಾಲಿಯ ಕಾಯಿ ತಿಂದ ಕುರಿಗೂ ಹುರುಳಿ ತಿಂದ ಕುರಿಗೂ ಇರುವ ವ್ಯತ್ಯಾಸ ಕಲಿಯಿರಿ. ಕೂಲಿ ಎಷ್ಟು ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಹೇಳಲು ನಾಚಿಕೆಯಾಗುವಷ್ಟು ತೆಗೆದುಕೊಳ್ಳಬೇಡಿ. ಇಷ್ಟು ಹೇಳಿ ನಾನು ಸುಮ್ಮನಾಗಬಹುದಿತ್ತು. ಆದರೆ ಹೋದ ಸುಗ್ಗಿಯಲ್ಲಿ ನಡೆದದ್ದೊಂದು ಬಾಕಿಯಿದೆ.

ಲಕ್ಕಮ್ಮ ಹಿತ್ತಲಲ್ಲಿ ಒಂದು ಟಗರು ಸಾಕಿದ್ದಳು. ಮಾರೋಣ ನಡಿ ಅಂದಳು. ನಾನು ಸಂತೆಗೆ ಕಾಲಿಟ್ಟು ಎರಡು ವರ್ಷವಾಗಿತ್ತು. ಟವಲು ಕೇಳಿದೆ, ಕೊಡಲಿಲ್ಲ. ಇಬ್ಬರೂ ಹೋಗಿ ಟಗರು ಹಿಡಿದು ನಿಂತೆವು. ಆ ವಾರ ಮೈಕು ಓಬಳಮ್ಮನದು.

"ಬಾ ಗಿರಿಯಣ್ಣಾ," ಅಂದಳು. ಯಜಮಾನ ಹೋಗಿ ಅಣ್ಣ ಆಗಿದ್ದೆ. "ಅತ್ತಿಗೆ ಸಾಕಿದ್ ಟಗರಾ? ಚೆನ್ನಾಗೈತೆ. ಎಷ್ಟು ಹೇಳ್ತೀಯಾ?"

ಬಾಯಿ ತೆರೆದೆ. ಏನೂ ಬರಲಿಲ್ಲ. ನಲವತ್ತು ವರ್ಷ ಬೆರಳಿನಲ್ಲಿ ಹೇಳಿದ ಮಾತು ನಾಲಿಗೆಗೆ ಗೊತ್ತೇ ಇರಲಿಲ್ಲ. ಸುತ್ತ ಜನ ಸೇರಿದರು. ಕೈ ಹೆಗಲಿಗೆ ಹೋಯಿತು, ಹೆಗಲು ಖಾಲಿ.

"ಬಾಯಲ್ಲಿ ಆಗ್ಲಿಲ್ಲಾಂದ್ರೆ ಕೈಯಲ್ಲೇ ತೋರ್ಸಣ್ಣ," ಅಂದಳು ಓಬಳಮ್ಮ, ಮೈಕು ಪಕ್ಕಕ್ಕಿಟ್ಟು. "ಮೇಲಕ್ಕೆತ್ತಿ ತೋರ್ಸು, ಅಷ್ಟೇ."

ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿದೆ. ನಾಲ್ಕು ಬೆರಳು. ಸಂದಿ ಹಿಡಿದ ಅಭ್ಯಾಸಕ್ಕೆ ಹೆಬ್ಬೆರಳು ತಾನಾಗಿ ಒಳಕ್ಕೆ ಮಡಿಚಿಕೊಂಡಿತ್ತು.

ಲಕ್ಕಮ್ಮ ಟಗರಿನ ಹಗ್ಗವನ್ನು ಓಬಳಮ್ಮನ ಕೈಗೆ ಕೊಟ್ಟು ನನ್ನ ಪಕ್ಕಕ್ಕೆ ಬಂದಳು. ತುದಿಗಾಲಲ್ಲಿ ನಿಂತು, ಸಂತೆಯೆಲ್ಲ ನೋಡುತ್ತಿರುವಾಗ ನನ್ನ ಕೈ ಹಿಡಿದು, ಆ ಹೆಬ್ಬೆರಳನ್ನು ಬಿಡಿಸಿದಳು. ಆಮೇಲೆ ಅಂಗೈಯಲ್ಲಿ ಉಗುರಿನಿಂದ ಒಂದು ಗೀರು ಎಳೆದಳು.

ನಾನು ಕಿಸಕ್ಕನೆ ನಕ್ಕೆ.